ತುಲಿಯಾಳಿಗೆ ಒಂದು ಮೆತ್ತನೆಯ ಬ್ರೇಕು: ಕರೆನ್‌ನಿಂದ ನೈವಾಶಾಗೆ

ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ ನಾನೂ ಮಗಳು ನಿಧಿಯೂ ನೈರೋಬಿಯ ಅಂಚಿನ ಕರೆನ್‌ನಿಂದ ನೈವಾಶಾಗೆ ಹೊರಟೆವು. ನಮ್ಮ ಪಿಕಪ್ಪಿನ ಹಿಂದೆ ಒಂದು ಟ್ರೇಲರ್. ಟ್ರೇಲರಿನೊಳಗೆ ತುಲಿಯಾ ಎಂಬ ಮುದಿ ಹೆಣ್ಣು ಕುದುರೆ. ದೂರ ತೊಂಬತ್ತು ಕಿಲೋಮೀಟರಿನ ಆಸುಪಾಸು. ಸುಮ್ಮನೆ ಕಾರಿನಲ್ಲಿ ಹೋದರೆ ಎರಡು ಗಂಟೆಯ ದಾರಿ. ಆ ದಾರಿಗೆ ಸಿದ್ಧವಾಗಲು ನಮಗೆ ವಾರಗಳೇ ಹಿಡಿದಿದ್ದವು. ಅದರಲ್ಲಿ ಬಹುಪಾಲು ಕಳೆದದ್ದು ಅಂಗೈಯಗಲದ ಒಂದು ಡಬ್ಬಿಯನ್ನು ಆರಿಸುವುದರಲ್ಲಿ.

ತುಲಿಯಾ ನಮ್ಮ ಕುದುರೆಯಲ್ಲ. ಕರೆನ್‌ನಲ್ಲಿ ವೈರಿಮು ಎಂಬ ಹೆಂಗಸು ನಡೆಸುತ್ತಿದ್ದ ಸವಾರಿ ಶಾಲೆಯದು. ನಾವು ಮೈಸೂರಿನಿಂದ ಇಲ್ಲಿಗೆ ಬಂದಾಗ ನಿಧಿಗೆ ಆರು ವರ್ಷ. ಹೊಸ ಶಾಲೆಯಲ್ಲಿ ಅವಳು ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ಟೀಚರು ಕರೆದು ಕೇಳಿದರು, ನಾನೂ ಹೆದರಿದ್ದೆ. ಯಾರೋ ಹೇಳಿದರೆಂದು ಕುದುರೆ ಸವಾರಿಗೆ ಸೇರಿಸಿದೆವು. ಮೊದಲ ದಿನವೇ ವೈರಿಮು ಅವಳನ್ನು ತುಲಿಯಾಳ ಮೇಲೆ ಕೂರಿಸಿದರು. ತುಲಿಯಾ ಎಂದರೆ ಸ್ವಾಹಿಲಿಯಲ್ಲಿ 'ಸಮಾಧಾನವಾಗಿರು' ಎಂದು. ಆ ಸಂಜೆ ಬೇಲಿಯ ಪಕ್ಕ ನಿಂತಿದ್ದ ನನಗೆ ಮಗಳ ದನಿ ಕೇಳಿಸಿತು. ಕುದುರೆಯ ಕಿವಿಯ ಹತ್ತಿರ ಬಗ್ಗಿ, ಬೆಳಿಗ್ಗೆ ತಿಂದ ದೋಸೆಯ ವಿಷಯ ಹೇಳುತ್ತಿದ್ದಳು. ಈಗ ಅವಳಿಗೆ ಹದಿನಾಲ್ಕು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಕುದುರೆಯೊಂದಿಗೆ ಮಾತ್ರ ಇವತ್ತಿಗೂ ಕನ್ನಡವೇ.

ಈ ವರ್ಷ ಸವಾರಿ ಶಾಲೆ ಮುಚ್ಚಿತು. ಜಾಗದ ಗುತ್ತಿಗೆ ಮುಗಿದಿತ್ತು. ಬೇರೆ ಕುದುರೆಗಳನ್ನು ಯಾರುಯಾರೋ ಕೊಂಡುಕೊಂಡರು. ಎಡಗಣ್ಣು ಮಂಜಾಗಿ, ಹಿಂಗಾಲಿನ ಬಲ ಕುಂದಿದ್ದ ತುಲಿಯಾ ಉಳಿದಳು. ನೈವಾಶಾ ಸರೋವರದ ಹತ್ತಿರ ವೈರಿಮು ಅವರ ಹಳೆಯ ಸ್ನೇಹಿತರೊಬ್ಬರಿಗೆ ಸಣ್ಣ ತೋಟವಿತ್ತು. ಅವಳ ಕೊನೆಗಾಲಕ್ಕೆ ಅಲ್ಲಿ ಜಾಗ ಕೊಡುತ್ತೇವೆಂದರು. ಆದರೆ ನೋಡಲು ಬಂದ ಪಶುವೈದ್ಯರು ಬೇಡವೆಂದು ತಲೆಯಾಡಿಸಿದರು. ನೈವಾಶಾಗೆ ಹೋಗಬೇಕಾದರೆ ಘಾಟಿ ಇಳಿಯಬೇಕು. ಲಾರಿಯ ಎತ್ತರಕ್ಕೆ ಇವಳು ಹತ್ತಲಾರಳು, ದಾರಿಯಲ್ಲಿ ಒಂದು ಸಲ ಜೋರಾಗಿ ಬ್ರೇಕ್ ಬಿದ್ದು ಕುಸಿದರೆ ಮತ್ತೆ ಏಳಲಾರಳು, ಇಲ್ಲೇ ಒಂದು ಇಂಜೆಕ್ಷನ್ನಿನಲ್ಲಿ ನೆಮ್ಮದಿಯಾಗಿ ಕಳಿಸಿಕೊಡುವುದು ಮೇಲು ಎಂದರು. ಅವರು ಒರಟರಲ್ಲ, ಹೇಳುವಾಗ ಅವಳ ಕತ್ತು ಸವರುತ್ತಲೇ ಇದ್ದರು. ನಿಧಿ ಅಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಮನೆಗೆ ವಾಪಸು ಬರುವಾಗ ವೆಸ್ಟ್‌ಲ್ಯಾಂಡ್ಸ್‌ನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು. ಮಟಾಟುಗಳು, ಅಂದರೆ ಇಲ್ಲಿನ ಬಾಡಿಗೆ ವ್ಯಾನುಗಳು, ನಾಲ್ಕೂ ಕಡೆ ಹಾರ್ನ್ ಹೊಡೆಯುತ್ತಿದ್ದವು. ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೇಳಿದಳು: "ಅಮ್ಮಾ, ಇಫ್ ಶಿ ಫಾಲ್ಸ್, ಈಸ್ ಇಟ್ ಮೈ ಫಾಲ್ಟ್?"

"ಬೀಳದ ಹಾಗೆ ಕರ್ಕೊಂಡು ಹೋಗಕ್ಕೆ ಆಗತ್ತಾ ಅಂತ ಮೊದ್ಲು ನೋಡೋಣ ಕಣೆ," ಎಂದೆ. "ಆಗಲ್ಲ ಅಂತಾದ್ರೆ ಇಬ್ರೂ ಕೂತ್ಕೊಂಡು ಯೋಚ್ನೆ ಮಾಡೋಣ."

ಲಾಯದ ಹಿಂದೆ ತಗ್ಗಾದ ಒಂದು ಟ್ರೇಲರ್ ನಿಂತಿತ್ತು. ಯಾರೋ ಸವಾರರು ದೇಶ ಬಿಟ್ಟು ಹೋಗುವಾಗ ಬಿಟ್ಟುಹೋದದ್ದು. ಅದರ ಚಕ್ರಗಳಿಗೆ ವಿದ್ಯುತ್ತಿನ ಬ್ರೇಕಿದೆ. ಆದರೆ ಎಷ್ಟು ಹಿಡಿಯಬೇಕೆಂದು ಆ ಬ್ರೇಕಿಗೆ ಹೇಳುವ ಡಬ್ಬಿ, ಅಂದರೆ ಬ್ರೇಕ್ ಕಂಟ್ರೋಲರ್, ಎಳೆಯುವ ಗಾಡಿಯಲ್ಲಿರಬೇಕು. ನಾನು ಕೆಲಸ ಮಾಡುವುದು ಹಳ್ಳಿಗಳಿಗೆ ಕುಡಿಯುವ ನೀರು ಒದಗಿಸುವ ಒಂದು ಸಂಸ್ಥೆಯಲ್ಲಿ. ಓಡಾಟ ಹೆಚ್ಚೆಂದು ನಮ್ಮದೇ ಡಬಲ್ ಕ್ಯಾಬಿನ್ ಪಿಕಪ್ ಇಟ್ಟುಕೊಂಡಿದ್ದೇವೆ. ಎಳೆಯುವ ಶಕ್ತಿ ಅದಕ್ಕಿತ್ತು. ಡಬ್ಬಿ ಇರಲಿಲ್ಲ.

ಇಂಡಸ್ಟ್ರಿಯಲ್ ಏರಿಯಾದಲ್ಲಿ ಗುಜರಾತಿ ಮನೆತನದ ಹರೀಶ್‌ಭಾಯಿ ಎಂಬುವರ ಅಂಗಡಿಯಿದೆ. ಅವರ ತಾತನ ಕಾಲದಿಂದ ಇಲ್ಲಿಯವರೇ. ನನ್ನೊಂದಿಗೆ ಹಿಂದಿ, ಕೆಲಸದವರೊಂದಿಗೆ ಸ್ವಾಹಿಲಿ. ಕಂಟ್ರೋಲರ್ ಬೇಕೆಂದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಏನು ಹೊರೆ? ದೋಣಿಯೇ, ಸಾಮಾನೇ?"

"ಕುದುರೆ. ವಯಸ್ಸಾಗಿದೆ."

ಅವರು ಎರಡು ಬಗೆ ತಂದಿಟ್ಟರು. ಅಗ್ಗದ್ದು ಬರೀ ಸಮಯ ನೋಡಿಕೊಂಡು ಕೆಲಸ ಮಾಡುವಂಥದ್ದು. ನಾವು ಪೆಡಲನ್ನು ಮೆಲ್ಲಗೆ ಒತ್ತಲಿ, ಜೋರಾಗಿ ಒತ್ತಲಿ, ಮೊದಲೇ ಗೊತ್ತುಮಾಡಿದಷ್ಟು ಬಲವನ್ನು ಟ್ರೇಲರಿನ ಚಕ್ರಗಳಿಗೆ ಕಳಿಸುತ್ತದೆ. ಅದರ ಎರಡರಷ್ಟು ಬೆಲೆಯ ಇನ್ನೊಂದು, ಗಾಡಿಯ ವೇಗ ಎಷ್ಟು ಕುಗ್ಗುತ್ತಿದೆಯೆಂದು ತಾನೇ ಅಳೆದು, ನಾವು ಮೆಲ್ಲಗೆ ನಿಲ್ಲಿಸಿದರೆ ಮೆಲ್ಲಗೆ, ಜೋರಾಗಿ ನಿಲ್ಲಿಸಿದರೆ ಜೋರಾಗಿ ಹಿಡಿಯುತ್ತದೆ. ಆದರೆ ಅದನ್ನು ಸರಿಯಾದ ಮಟ್ಟದಲ್ಲಿ ಕೂರಿಸಬೇಕು, ಹೊರೆಗೆ ತಕ್ಕಂತೆ ಹೊಂದಿಸಬೇಕು. ಇಲ್ಲವಾದರೆ ಅದೂ ಕೈಕೊಡುತ್ತದೆ. ಕಾಗದದಲ್ಲಿ ಓದಿ ಆರಿಸುವುದು ನನಗೆ ಆಗಲಿಲ್ಲ. ಹರೀಶ್‌ಭಾಯಿ ಪಿಕಪ್ಪಿಗೆ ವೈರಿಂಗ್ ಮಾಡಿಸಿ, ಎರಡು ಡಬ್ಬಿಗಳನ್ನೂ ಕೈಗೆ ಕೊಟ್ಟರು. "ಎರಡನ್ನೂ ಹಾಕಿ ನೋಡಿ, ಬೇಡದ್ದನ್ನು ವಾಪಸು ಕೊಡಿ. ಅಜ್ಜಿಯ ವಿಷಯ," ಎಂದರು.

ಮುಂದಿನ ಭಾನುವಾರ ಲಾಯದ ಅಂಗಳದಲ್ಲಿ ಪರೀಕ್ಷೆ. ಒಳಗೆ ಕುದುರೆಗೆ ಹೇಗನಿಸುತ್ತದೆಂದು ತಿಳಿಯಲು ಬೇರೆ ಉಪಾಯ ಹೊಳೆಯದೆ, ಟ್ರೇಲರಿನಲ್ಲಿ ನಾನೇ ನಿಂತೆ. ಹಿಟ್ಟಿನ ಮೂಟೆಗಳನ್ನೂ ತುಂಬಿ ತೂಕ ಬರಿಸಿದ್ದೆವು. ಪಿಕಪ್ ನಡೆಸಲು ವೈರಿಮು ಕೂತರು. ನಿಧಿ ನನ್ನನ್ನು ಸರಿಯಾಗಿ ನಿಲ್ಲಿಸಿ ಹೇಳಿದಳು, "ಕ್ಲೋಸ್ ಯುವರ್ ಲೆಫ್ಟ್ ಐ, ಅಮ್ಮಾ. ಶಿ ಕಾಂಟ್ ಸೀ ದಟ್ ಸೈಡ್."

ಎಡಗಣ್ಣು ಮುಚ್ಚಿದೆ. ಗಾಡಿ ನಡೆಯುವ ವೇಗದಲ್ಲಿ ಹೊರಟಿತು. ಮೊದಲ ಡಬ್ಬಿಯಲ್ಲಿ, ವೈರಿಮು ಪೆಡಲ್ ಮುಟ್ಟಿದ ಸ್ವಲ್ಪ ಹೊತ್ತಿಗೆ ನೆಲವೇ ನನ್ನ ಕಾಲಡಿಯಿಂದ ಹಿಂದಕ್ಕೆ ಜಗ್ಗಿದ ಹಾಗಾಯಿತು. ಮುಗ್ಗರಿಸಿ ಮುಂದಿನ ಕಂಬಿಗೆ ಎದೆ ತಗುಲಿತು. ಬಲ ತಗ್ಗಿಸಿ ನೋಡಿದರು. ಆಗ ಟ್ರೇಲರು ಪಿಕಪ್ಪನ್ನು ಹಿಂದಿನಿಂದ ನೂಕಿತು. ಎರಡನೆಯ ಡಬ್ಬಿ ಹಾಕಿದ ಮೇಲೂ ಮೊದಮೊದಲು ಎಳೆತವಿತ್ತು. ವೈರಿಮು ತಾಳ್ಮೆಯಿಂದ ಅದರ ತಿರುಗಣೆಯನ್ನು ಒಂದೊಂದೇ ಗೆರೆ ತಿರುಗಿಸುತ್ತಾ ಅಂಗಳವನ್ನು ಸುತ್ತಿದರು. ಕೊನೆಗೊಮ್ಮೆ ಗಾಡಿ ನಿಂತದ್ದೇ ನನಗೆ ತಿಳಿಯಲಿಲ್ಲ. ಒಂದು ಹೆಜ್ಜೆಯನ್ನೂ ಬದಲಿಸದೆ ನಿಂತಲ್ಲೇ ನಿಂತಿದ್ದೆ.

"ಮಾಮಾ ನಿಧಿ, ಹೇಗಿತ್ತು?" ವೈರಿಮು ಕಿಟಕಿಯಿಂದ ಕೇಳಿದರು. ಮಾಮಾ ಎಂದರೆ ಅಮ್ಮ; ಇಲ್ಲಿ ತಾಯಂದಿರನ್ನು ಕರೆಯುವುದು ಮಕ್ಕಳ ಹೆಸರಿನಿಂದಲೇ.

"ಇದೇ ಸಾಕು. ಇದೇ ಇರಲಿ," ಎಂದೆ.

ಹೊರಟ ಶನಿವಾರ ನೈರೋಬಿಯ ಜುಲೈ ಹೇಗಿರುತ್ತದೋ ಹಾಗೇ ಇತ್ತು: ಬೂದಿ ಬಣ್ಣದ ಆಕಾಶ, ಸ್ವೆಟರಿನೊಳಗೂ ನುಗ್ಗುವ ಚಳಿ. ವೈರಿಮು ನಮ್ಮ ಜೊತೆ ಬರಲಿಲ್ಲ. ತುಲಿಯಾಳ ಹಣೆಗೆ ಹಣೆ ಒತ್ತಿ, "ಸಫಾರಿ ನ್ಜೇಮಾ, ಮಾಮಾ," ಎಂದು ಪ್ರಯಾಣಕ್ಕೆ ಶುಭ ಕೋರಿದವರು ಮುಖ ತಿರುಗಿಸಿ ಒಳಗೆ ಹೋದರು. ನಾವು ಸದರ್ನ್ ಬೈಪಾಸಿನಲ್ಲಿ ಹೋಗಿ, ಕಿಕುಯು ದಾಟಿ, ರಿರೋನಿಯಲ್ಲಿ ಎಡಕ್ಕೆ ಮಾಯ್ ಮಹಿಯು ರಸ್ತೆ ಹಿಡಿದೆವು. ಡಬ್ಬದಲ್ಲಿ ಚಪಾತಿ ಪಲ್ಯವಿತ್ತು. ಇಬ್ಬರೂ ಮುಟ್ಟಲಿಲ್ಲ.

ಘಾಟಿಯ ಮೇಲ್ತುದಿಯಲ್ಲಿ ಮಂಜು. ಸರಕಿನ ಲಾರಿಗಳು ಒಂದರ ಹಿಂದೊಂದು ತೆವಳುತ್ತಿದ್ದವು. ಗೇರ್ ತಗ್ಗಿಸಿ, ಎಂಜಿನ್ನಿನ ಹಿಡಿತದಲ್ಲೇ ಇಳಿಯತೊಡಗಿದೆ, ಬ್ರೇಕು ಬಿಸಿಯಾಗಬಾರದು. ಬಲಗಡೆ ಬಂಡೆ, ಎಡಗಡೆ ಬಯಲು. ನಿಧಿ ಹಿಂದಿನ ಗಾಜಿನ ಕಡೆ ತಿರುಗಿಯೇ ಕೂತಿದ್ದಳು.

ಅರ್ಧ ಇಳಿದಿದ್ದೆವು. ತಿರುವಿನಲ್ಲಿ ಮಟಾಟು ಒಂದು ನಮ್ಮನ್ನು ಹಿಂದೆ ಹಾಕಿ, ಮುಂದೆ ಕೈ ಮಾಡಿದ ಒಬ್ಬ ಪ್ರಯಾಣಿಕನಿಗಾಗಿ ಅಲ್ಲೇ ನಿಂತುಬಿಟ್ಟಿತು. ನಾನು ಪೆಡಲನ್ನು ಒತ್ತಿದೆ. ಮೆಲ್ಲಗೆ ಒತ್ತುವಷ್ಟು ಜಾಗವಿರಲಿಲ್ಲ. ಪಿಕಪ್ ಮೂಗು ತಗ್ಗಿಸಿತು, ಹಿಂದಿನಿಂದ ಟ್ರೇಲರು ನೂಕಲಿಲ್ಲ, ಜಗ್ಗಲಿಲ್ಲ. ಎರಡೂ ಒಂದೇ ಗಾಡಿಯ ಹಾಗೆ ನಿಂತವು. ಹಲಗೆಯ ಮೇಲೆ ಗೊರಸಿನ ಸದ್ದು ಒಮ್ಮೆ ಕೇಳಿತು. ಆಮೇಲೆ ಏನೂ ಇಲ್ಲ.

ಮುಂದಿನ ವಿಶಾಲವಾದ ತಿರುವಿನಲ್ಲಿ, ಕುರಿಯ ತುಪ್ಪಳ ಮಾರುವ ಅಂಗಡಿಗಳ ಹತ್ತಿರ ನಿಲ್ಲಿಸಿದೆ. ನಿಧಿ ನನಗಿಂತ ಮೊದಲು ಇಳಿದು ಓಡಿದಳು. ತುಲಿಯಾ ನಿಂತೇ ಇದ್ದಳು. ಮೈಯೆಲ್ಲ ಬೆವೆತು, ಹಿಂಗಾಲು ನಡುಗುತ್ತಿತ್ತು.

"ಟರ್ನ್ ಬ್ಯಾಕ್, ಅಮ್ಮಾ. ಪ್ಲೀಸ್. ಐ ಡೋಂಟ್ ವಾಂಟ್ ಟು ಡು ದಿಸ್ ಟು ಹರ್."

"ವಾಪಸ್ ಹೋಗೋದೂ ಇದೇ ರೋಡಲ್ಲೇ ಪುಟ್ಟಿ. ಹೋದ್ರೆ ಅಲ್ಲಿ ಏನಿದೆ ಅಂತ ನಿಂಗೂ ಗೊತ್ತು." ಮಗಳ ಭುಜ ಹಿಡಿದು ಕುದುರೆಯ ಕಡೆ ತಿರುಗಿಸಿದೆ. "ಅವಳು ಬಿದ್ದಿಲ್ಲ. ನೋಡು, ನಿಂತಿದಾಳೆ. ನೀನು ಮಾತಾಡ್ಸು. ಅವಳು ಸಮಾಧಾನ ಆದ್ಮೇಲೆ ನೀನೇ ಹೇಳು, ಹೋಗೋಣ್ವಾ ಬೇಡ್ವಾ ಅಂತ."

ಅಂಗಡಿಯ ಹೆಂಗಸೊಬ್ಬಳು ಬಂದು ಒಳಗೆ ಇಣುಕಿ, "ಓ, ಶೋಶೋ," ಎಂದಳು. ಅಜ್ಜಿಯರನ್ನು ಕರೆಯುವ ಮಾತು ಅದು. ಒಳಗಿನಿಂದ ಬಕೆಟ್ಟಿನಲ್ಲಿ ನೀರು ತಂದುಕೊಟ್ಟಳು. ನಾನು ದುಡ್ಡು ತೆಗೆಯಹೋದರೆ ಕೈ ತಳ್ಳಿಬಿಟ್ಟಳು. ನಿಧಿ ತುಲಿಯಾಳ ಕುರುಡು ಕಣ್ಣಿನ ಕಡೆ ನಿಂತು, ಕತ್ತಿನ ಮೇಲೆ ಕೈಯಿಟ್ಟು ಮಾತಾಡುತ್ತಿದ್ದಳು. "ಏನಿಲ್ಲ ಕಣೆ, ಏನಿಲ್ಲ. ಇನ್ನು ಸ್ವಲ್ಪನೇ ಇಳಿಯೋದು. ಅಲ್ಲಿ ಬಿಸಿಲಿದೆಯಂತೆ. ಹುಲ್ಲಿದೆಯಂತೆ." ಅವಳ ಕನ್ನಡ ಥೇಟ್ ನಮ್ಮಮ್ಮನ ಕನ್ನಡ. ಕುದುರೆ ನೀರಿಗೆ ಮೂತಿ ಇಳಿಸಿತು. ಬಹಳ ಹೊತ್ತು ಕುಡಿಯಿತು. ನಡುಕ ನಿಂತಿತು.

ನಿಧಿ ಮುಖ ಒರೆಸಿಕೊಂಡು ಬಂದು ಸೀಟಿನಲ್ಲಿ ಕೂತಳು. "ಹೋಗೋಣ," ಎಂದಳು.

ಘಾಟಿ ಇಳಿದಂತೆ ಮಂಜು ಹರಿದು ಬಿಸಿಲು ಬಿತ್ತು. ಸ್ವೆಟರು ತೆಗೆದೆವು. ಮಾಯ್ ಮಹಿಯು ಊರಿನಾಚೆ ಪೊಲೀಸರು ತಡೆದು, ಏನಿದೆ ಎಂದು ಕೇಳಿದರು. "ಫರಾಸಿ," ಕುದುರೆ, ಎಂದೆ. ಎತ್ತರದ ಪೊಲೀಸ್ ಒಬ್ಬ ಹಿಂದೆ ಹೋಗಿ ನೋಡಿಬಂದು, "ನಿದ್ದೆ ಮಾಡ್ತಿದ್ದಾಳೆ. ಪೋಲೆ ಪೋಲೆ," ನಿಧಾನ, ಎಂದು ದಾರಿ ಬಿಟ್ಟ. ನಿಧಿ ಆ ದಿನ ಮೊದಲ ಸಲ ನಕ್ಕಳು. ಲೊಂಗೊನೊಟ್ ಬೆಟ್ಟ ಎಡಕ್ಕೆ ಬಂದಾಗ ಚಪಾತಿ ಡಬ್ಬ ತೆರೆದು, ನನಗೂ ಸುರುಳಿ ಮಾಡಿ ಬಾಯಿಗಿಟ್ಟಳು.

ತೋಟದ ಯಜಮಾನರು ಕಿಪ್ರೋನೊ, ನಿವೃತ್ತ ಮೇಷ್ಟರು. ಗೇಟಿನಲ್ಲೇ ಕಾದಿದ್ದರು. ಹಳದಿ ಕಾಂಡದ ಜಾಲಿಮರಗಳು, ಅವುಗಳ ಕೆಳಗೆ ಮೊಣಕಾಲೆತ್ತರದ ಹುಲ್ಲು, ಬೇಲಿಯ ಒಳಗೆ ಒಂದು ಮುದಿ ಕತ್ತೆ. ತುಲಿಯಾ ಹಲಗೆಯ ಮೇಲೆ ಹಿಂದಕ್ಕೆ ಒಂದು ಹೆಜ್ಜೆ ಇಟ್ಟು, ನಿಂತು, ಮತ್ತೊಂದು ಹೆಜ್ಜೆ ಇಟ್ಟು ನೆಲಕ್ಕಿಳಿದಳು. ಗಾಳಿ ಮೂಸಿದಳು. ಕತ್ತೆ ಬಂದು ಅವಳ ಪಕ್ಕ ನಿಂತುಕೊಂಡಿತು, ಯಾರೋ ಹೇಳಿ ಕಳಿಸಿದ ಹಾಗೆ. ಕಿಪ್ರೋನೊ ನಮಗೆ ಹಾಲು ಹಾಕಿ ಕುದಿಸಿದ ಚಹಾ, ಬೇಯಿಸಿದ ಮುಸುಕಿನ ಜೋಳ ಕೊಟ್ಟರು. "ಬೇಕಾದಾಗ ಬಾ ಮಗು," ಎಂದು ನಿಧಿಗೆ ಹೇಳಿದರು. "ಕರೆಯುವವರೆಗೂ ಕಾಯಬೇಡ." ನಾನು ವೈರಿಮುಗೆ ಫೋನ್ ಮಾಡಿ, ಇಳಿದಳು, ಮೇಯುತ್ತಿದ್ದಾಳೆ ಎಂದೆ. "ಅಸಾಂಟೆ," ಥ್ಯಾಂಕ್ಸ್, ಎಂದರು ಅವರು.

ಮಧ್ಯಾಹ್ನ ಹೊರಟೆವು. ಖಾಲಿ ಟ್ರೇಲರಿಗೆ ಅಷ್ಟೇ ಬಲ ಕೊಟ್ಟರೆ ಚಕ್ರಗಳು ಕಚ್ಚಿಕೊಳ್ಳುತ್ತವೆ, ತಗ್ಗಿಸಬೇಕು. ನಾನು ಕೈ ಚಾಚುವ ಮೊದಲೇ ನಿಧಿ ಡಬ್ಬಿಯ ತಿರುಗಣೆಯನ್ನು ತಾನೇ ತಿರುಗಿಸಿದಳು. ತಿರುಗಿಸಿದ ಮೇಲೂ ಬೆರಳು ಅಲ್ಲೇ ಇಟ್ಟುಕೊಂಡು ಕೂತಳು. ಟ್ರೇಲರಿನ ಸದ್ದಿಗೆ ತುಲಿಯಾ ತಲೆಯೆತ್ತಿ, ಒಳ್ಳೆಯ ಕಣ್ಣನ್ನು ನಮ್ಮ ಕಡೆ ತಿರುಗಿಸಿದಳು.

"ನಿಲ್ಸಲಾ?" ಎಂದೆ.

"ಬೇಡ ಅಮ್ಮ. ನಿಲ್ಸಿದ್ರೆ ಅವಳೂ ಬರ್ತಾಳೆ."

ನಾನು ನಿಲ್ಲಿಸಲಿಲ್ಲ. ಗೇಟಿನ ಹತ್ತಿರದ ಉಬ್ಬಿಗೆ ಮೆಲ್ಲಗೆ, ಬಹಳ ಮೆಲ್ಲಗೆ ಬ್ರೇಕ್ ಒತ್ತಿದೆ. ಹಿಂದೆ ಯಾರೂ ಇಲ್ಲವೆಂದು ಕಾಲಿಗೆ ಇನ್ನೂ ಗೊತ್ತಾಗಿರಲಿಲ್ಲ. ರಸ್ತೆಗೆ ತಿರುಗುವಾಗ ಕನ್ನಡಿಯಲ್ಲಿ ನೋಡಿದೆ. ಹಳದಿ ಮರಗಳ ಕೆಳಗೆ ಅವಳು ಮತ್ತೆ ತಲೆ ತಗ್ಗಿಸಿ ಮೇಯುತ್ತಿದ್ದಳು.