ಮೂರು ಸಲ ಬಿಚ್ಚಿದ ಸ್ಟೀರಿಂಗ್

ಎಲ್ಮರ್ ಸಾಬೊ ಕೂತಲ್ಲಿ ಕೂತವನಲ್ಲ. ಟೊಲೀಡೊದಲ್ಲಿ ನಲವತ್ತೊಂದು ವರ್ಷ ಊರವರ ಕಾರುಗಳ ಗಾಲಿ ನೇರ ಕೂರಿಸುವ ಅಲೈನ್‌ಮೆಂಟ್ ಕೆಲಸ ಮಾಡಿ ನಿವೃತ್ತನಾದವನು. ಬೇರೆಯವರ ಕಾರು ಕೂದಲೆಳೆಯಷ್ಟು ಎಡಕ್ಕೆ ಎಳೆದರೂ ಸಹಿಸದ ಈ ಮಹಾಶಯ ಸ್ವಂತ ಕಾರನ್ನು ಮಾತ್ರ ಹಾಗೇ ಬಿಟ್ಟಿದ್ದ. ಎಪ್ಪತ್ತನೇ ಇಸವಿಯ, ಎರಡು ಬಾಗಿಲಿನ ಹಸಿರು ಕಾರು. ಎಂಟು ಸಿಲಿಂಡರಿನ ಎಂಜಿನ್ ಗುಡುಗಿದರೆ ಬೀದಿಯ ಕಿಟಕಿಗಳೆಲ್ಲ ಅದುರಬೇಕು. ಸ್ಟೀರಿಂಗ್ ಮಾತ್ರ ದೇವರಿಗೇ ಪ್ರೀತಿ. ಮದುವೆಗೆ ಮುಂಚೆ ಸೆಕೆಂಡ್ ಹ್ಯಾಂಡ್ ಕೊಂಡಾಗಲೇ ಸಡಿಲವಿತ್ತು; ಬರಬರುತ್ತ ಮೂರು ಬೆರಳಗಲ ತಿರುಗಿಸುವವರೆಗೂ ಮುಂದಿನ ಗಾಲಿಗಳಿಗೆ ಸುದ್ದಿಯೇ ಮುಟ್ಟದಂತಾಯಿತು. "ಇದರ ಪ್ಲೇ, ಈ ಸಡಿಲ, ಎಷ್ಟು ಅಂತ ನನ್ನ ಕೈಗೆ ಗೊತ್ತು" ಎನ್ನುತ್ತ ಅವನು ನೇರ ರಸ್ತೆಯಲ್ಲೂ ಎಡಕ್ಕೆ ಬಲಕ್ಕೆ ಆಡಿಸುತ್ತಲೇ ಓಡಿಸುತ್ತಿದ್ದ.

ಎರಡು ವರ್ಷದ ಹಿಂದೆ, ಹೆಂಡತಿ ಡೋರೀನಳ ಅಕ್ಕನ ಊರು ಸಾಗಿನಾಕ್ಕೆ ಹೋಗುವಾಗ, ಹೆದ್ದಾರಿಯಲ್ಲಿ ಕಾರು ಒಂದು ಲಾರಿಯ ಪಕ್ಕೆಗೆ ಗೇಣು ಅಂತರದಲ್ಲಿ ಸರಿಯಿತು. ಡೋರೀನ್ ಕೂಗಾಡಲಿಲ್ಲ. ಮುಂದಿನ ಪೆಟ್ರೋಲ್ ಬಂಕಿನಲ್ಲಿ ಇಳಿದು, ಅಕ್ಕನಿಗೆಂದು ಸುಟ್ಟ ಅಕ್ರೋಟಿನ ರೊಟ್ಟಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತು, ಅಕ್ಕನ ಮಗಳಿಗೆ ಫೋನ್ ಮಾಡಿ ಕರೆಸಿಕೊಂಡಳು. ಅವತ್ತಿನಿಂದ ಆ ಕಾರು ಹತ್ತಿಲ್ಲ. ಎಲ್ಮರ್‌ಗೆ ಆ ಖಾಲಿ ಸೀಟು ಹಲ್ಲು ಬಿದ್ದ ಜಾಗದ ಹಾಗಾಯಿತು. ಬೇಡವೆಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಈ ಭಾನುವಾರ ಅಕ್ಕನಿಗೆ ಎಂಬತ್ತು ತುಂಬುತ್ತಿತ್ತು. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೋಗಬೇಕೆಂದು ಅವನು ಹಟ ಹಿಡಿದ. ಹೊಸ ಸ್ಟೀರಿಂಗ್ ಬಾಕ್ಸ್ ತರಿಸಿದ. ಗಾಲಿಗಳನ್ನು ತಿರುಗಿಸುವ ಟೈರಾಡ್ ಸಮೇತ ಸವೆದ ಕೀಲುಗಳನ್ನೆಲ್ಲ ಕಿತ್ತು ಬದಲಾಯಿಸಿದ. ಹಳೆಯದರಲ್ಲಿ ಈ ಕೊನೆಯಿಂದ ಆ ಕೊನೆಗೆ ನಾಲ್ಕು ಸುತ್ತು ತಿರುಗಿಸಬೇಕಿತ್ತು, ಹೊಸದರಲ್ಲಿ ಎರಡೂವರೆ ಸಾಕು. ಕಾರಿನ ಎರಡೂ ಮಗ್ಗುಲಿಗೆ ದಾರ ಕಟ್ಟಿ, ಅಳೆದು ಸುರಿದು ಗಾಲಿ ನೇರ ಮಾಡಿದ. ರಸ್ತೆಗಿಳಿಸಿದರೆ ಕಾರು ಹಾವಿನ ಹಾಗೆ ಸೊಟ್ಟಪಟ್ಟ ಹರಿಯಿತು.

ಬಿಚ್ಚಿದ, ಕೂರಿಸಿದ. ಮತ್ತೆ ಬಿಚ್ಚಿದ. ಉಣ್ಣಲು ಕೂತರೂ ಕಾಲು ಕುಣಿಯುತ್ತಿತ್ತು.

"ಕೋಳಿ ಸಾರು ತಣ್ಣಗಾಯ್ತು," ಅಂದಳು ಡೋರೀನ್. "ಆ ಚಮಚ ಯಾಕೆ ಹಾಗೆ ತಿರುಗಿಸ್ತೀಯ? ಅದಕ್ಕೂ ಅಲೈನ್‌ಮೆಂಟ್ ಆಗ್ಬೇಕಾ?"

"ಬಾಕ್ಸೇ ಸರಿಯಿಲ್ಲ ಅನ್ಸುತ್ತೆ ಡೋರಿ."

"ಮೊನ್ನೆ ದಾರ ಸರಿಯಿಲ್ಲ ಅಂದೆ. ನಿನ್ನೆ ಟೈರಾಡ್ ಅಂದೆ. ನಾಳೆ ರಸ್ತೆನೇ ಸೊಟ್ಟ ಅಂತೀಯ."

ಶನಿವಾರ ಬೆಳಿಗ್ಗೆ ಮೂರನೇ ಸಲ ಕಾರಿನಡಿ ಮಲಗಿದ್ದವನ ಹತ್ತಿರ ಡೋರೀನಳ ಚಪ್ಪಲಿಯ ಸದ್ದು ಬಂದು ನಿಂತಿತು.

"ಬೋಲ್ಟೆಲ್ಲ ಬಿಗಿ ಮಾಡಿ ಕೆಳಗಿಳಿಸು. ಕೀಲಿ ಕೊಡು."

"ನೀನು ಓಡಿಸ್ತೀಯಾ? ಇದನ್ನ?"

"ನೀನು ಓಡಿಸಿದ್ರೆ ನಾನು ಕೂರಲ್ಲ. ನಾನು ಓಡಿಸಿದ್ರೆ ನೀನು ಕೂರ್ತೀಯೋ ಇಲ್ವೋ ಹೇಳು."

ನಲವತ್ತೆಂಟು ವರ್ಷದಲ್ಲಿ ಆ ಸ್ಟೀರಿಂಗನ್ನು ಅವನು ಯಾರಿಗೂ ಮುಟ್ಟಗೊಟ್ಟವನಲ್ಲ. ಸೋತು ಸುಣ್ಣವಾಗಿದ್ದ, ಕೊಟ್ಟ.

ಡೋರೀನ್ ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟು ಸುಮ್ಮನೆ ಕೂತಳು. ಫ್ರಂಟ್ ಸ್ಟ್ರೀಟಿನುದ್ದಕ್ಕೂ ಕಾರು ಗೆರೆ ಎಳೆದಂತೆ ಹೋಯಿತು. ಈಗ ಎಳೆಯುತ್ತೆ, ಈಗ ಎಳೆಯುತ್ತೆ ಎಂದು ಎಲ್ಮರ್ ಕಾದ. ನದಿಯ ಸೇತುವೆ ಹತ್ತಿದಾಗ ಅಡ್ಡಗಾಳಿ ಬೀಸಿತು, ಆಗಲೂ ಎಳೆಯಲಿಲ್ಲ. ತಲೆ ಬಗ್ಗಿಸಿ ನೋಡಿದರೆ ತೊಡೆಯ ಮೇಲಿದ್ದ ತನ್ನ ಕೈಗಳೇ ಎಡಕ್ಕೆ ಬಲಕ್ಕೆ ಆಡುತ್ತಿದ್ದವು. ಬಾಕ್ಸಿನಲ್ಲಿ ದೋಷವೇ ಇರಲಿಲ್ಲ. ಅವನ ಕೈ ಆಡಿಸಿದ್ದನ್ನೆಲ್ಲ ಹಳೆಯದು ನುಂಗಿಕೊಳ್ಳುತ್ತಿತ್ತು, ಹೊಸದು ಚೂರೂ ಬಿಡದೆ ಗಾಲಿಗೆ ಮುಟ್ಟಿಸುತ್ತಿತ್ತು. ಊರಿಗೆಲ್ಲ ಬುದ್ಧಿ ಹೇಳಿದ ಕಸುಬುದಾರನಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಕೈ ಕಣೋ," ಅಂದಳು ಡೋರೀನ್.

"ಗೊತ್ತಿದ್ರೆ ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ಕೇಳೋ ಗಂಡಸಾ ನೀನು?"

ಅವಳು ಹಿಂದಕ್ಕೆ ತಿರುಗಿಸದೆ ನೆಟ್ಟಗೆ ಹೆದ್ದಾರಿಗೇ ಹತ್ತಿಸಿದಳು. ಹಿಂದಿನಿಂದ ಬಂದ ಲಾರಿಯೊಂದು ಒತ್ತಿಕೊಂಡು ದಾಟಿತು. ಎಲ್ಮರ್ ಗಾಬರಿಯಾಗಿ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದ. ಹಿಡಿಯ ಒಳಮಗ್ಗುಲಲ್ಲಿ ಬೆರಳಿಗೆ ಏನೋ ತಾಕಿತು. ಕಣ್ಣಿಗೆ ಕಾಣದ ಜಾಗ. ನಾಲ್ಕು ಗುಳಿಗಳು ಒಂದರ ಪಕ್ಕ ಒಂದು, ಆಳವಾಗಿ ಒತ್ತಿ ಒತ್ತಿ ಸವೆದಿದ್ದವು. ಅವನ ಬೆರಳು ಅವುಗಳಲ್ಲಿ ಹಿಡಿಸಲಿಲ್ಲ. ಹೆಂಗಸಿನ ಉಗುರಿನಳತೆಯ ಗುಳಿಗಳು. ಆ ಸೀಟಿನಲ್ಲಿ ಅವನು ಕೂತದ್ದು ಅವತ್ತೇ ಮೊದಲು.

ಲಾರಿ ದೂರವಾಗುವವರೆಗೂ ಅವನು ಆ ಗುಳಿಗಳ ಮೇಲೆ ಬೆರಳಾಡಿಸಿದ.

"ಡೋರಿ, ನಿಂಗೆ ಯಾವಾಗಿಂದ ಹೆದರಿಕೆ?"

"ಮದುವೆಯಾದ ವರ್ಷದಿಂದ," ಅಂದಳು ಅವಳು, ರಸ್ತೆಯಿಂದ ಕಣ್ಣು ತೆಗೆಯದೆ. "ಇದನ್ನ ಓಡಿಸುವಾಗ ನೀನು ಅಷ್ಟು ಖುಷಿಯಾಗಿರ್ತಿದ್ದೆ. ಹೇಗೆ ಹೇಳೋದು?"

ಎಲ್ಮರ್ ಎರಡೂ ಕೈಗಳನ್ನು ತೊಡೆಯಡಿ ಸೇರಿಸಿಕೊಂಡ. ಒಂದು ಮೈಲಿ ಕಳೆದ ಮೇಲೆ, "ನಾಳೆನೂ ನೀನೇ ಓಡಿಸು," ಅಂದ.