ಒಂಬತ್ತು ಮಂದಿ, ಮೆಲ್ಬರ್ನ್‌ನಲ್ಲಿ ಒಬ್ಬರು

ತಂಗಿ ಹೊಡೆದ ಗೋಲನ್ನು ನಾಲ್ಕು ಜನಕ್ಕೆ ತೋರಿಸಿ ಬೀಗಲು ಹೋದ ಒಬ್ಬ ಅಕ್ಕನ ಕಥೆ ಇದು. ಅಕ್ಕ ಬೇರೆ ಯಾರೂ ಅಲ್ಲ, ನಾನೇ.

ಡ್ಯಾಂಡಿನಾಂಗ್‌ನ ನಮ್ಮ ವೇರ್‌ಹೌಸಿನ ಕ್ಯಾಂಟೀನು. ಸೋಮವಾರದ ಊಟದ ಬ್ರೇಕ್. ಸೋಮವಾರ ಅಲ್ಲಿ ಫುಟಿ ಬಿಟ್ಟು ಬೇರೆ ಮಾತಿಲ್ಲ. ಮೆಲ್ಬರ್ನ್‌ನಲ್ಲಿ ನಿಮ್ಮ ಹೆಸರು ಕೇಳುವ ಮೊದಲು ನಿಮ್ಮ ಟೀಮ್ ಯಾವುದು ಎಂದು ಕೇಳುತ್ತಾರೆ. (ಫುಟಿ ಎಂದರೆ ಇಲ್ಲಿಯವರ ಫುಟ್‌ಬಾಲ್. ಮೊಟ್ಟೆಯಾಕಾರದ ಬಾಲು. ಕಾಲಲ್ಲಿ ಒದೆಯಬಹುದು, ಕೈಯಲ್ಲಿ ಹಿಡಿದೂ ಓಡಬಹುದು. ಇದಕ್ಕಿಂತ ಹೆಚ್ಚಿನ ನಿಯಮ ನನಗೂ ಗೊತ್ತಿಲ್ಲ.) ಇಷ್ಟು ವರ್ಷ ನನಗೆ ಟೀಮೇ ಇರಲಿಲ್ಲ. ಈ ಸೀಸನ್‌ನಿಂದ ಇದೆ. ನನ್ನ ತಂಗಿ ರೇಣು ಸಿಡ್ನಿಯ ಒಂದು ಯೂನಿವರ್ಸಿಟಿಯಲ್ಲಿ ಮಣ್ಣಿನ ವಿಜ್ಞಾನ ಓದುತ್ತಾಳೆ. ಹುಬ್ಬಳ್ಳಿಯಲ್ಲಿ ಖೋ ಖೋ ಆಡುತ್ತಿದ್ದ ಹುಡುಗಿ, ಇಲ್ಲಿ ಯೂನಿವರ್ಸಿಟಿಯ ಹುಡುಗಿಯರ ಫುಟಿ ಟೀಮು ಸೇರಿದ್ದಾಳೆ.

"ಮೊನ್ನೆ ಶನಿವಾರ ಕೊನೆಯ ಗೋಲ್ ಹೊಡೆದದ್ದು ನನ್ನ ತಂಗಿ" ಎಂದೆ, ಆದಷ್ಟು ಸಹಜವಾಗಿ.

"ತೋರಿಸು, ತೋರಿಸು!" ನಮ್ಮ ಸೂಪರ್‌ವೈಸರ್ ಡ್ಯಾರನ್ ಸ್ಯಾಂಡ್‌ವಿಚ್ ಕೆಳಗಿಟ್ಟ.

ಟೀಮಿನವರು ಮ್ಯಾಚನ್ನು ಲೈವ್ ಹಾಕುತ್ತಾರೆ. ಆಮೇಲೂ ವಿಡಿಯೋ ಅಲ್ಲೇ ಇರುತ್ತದೆ. ಡ್ಯಾರನ್ ಅದನ್ನು ಕೊನೆಗೆ ಓಡಿಸಿದ. ಗೋಲ್ ಹೊಡೆದವಳು ಕೆಂಪು ಕೂದಲಿನ, ಆರಡಿ ಎತ್ತರದ ಹುಡುಗಿ.

"ಇವಳಾ ನಿನ್ನ ತಂಗಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ವಿಡಿಯೋವನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿಸುತ್ತಾ ಹೋದ. ರೇಣು ಎಲ್ಲೂ ಇಲ್ಲ. ಸಿಕ್ಕಿದ್ದು ಮೊದಲ ಕ್ವಾರ್ಟರಿನಲ್ಲಿ. ಬಾಲ್ ಹಿಡಿಯಲು ಹಾರಿದಳು. ಮೇಲೆ ಇಬ್ಬರು ಬಿದ್ದರು. ಅವರು ಎದ್ದರು, ಇವಳು ಏಳಲಿಲ್ಲ. ಆಮೇಲೆ ಟೀಮಿನ ಹುಡುಗಿಯರು ಅವಳನ್ನು ಹಿಡಿದುಕೊಂಡು ಹೊರಗೆ ನಡೆಸಿದರು. ಎಡಗೈ ಜೋತುಬಿದ್ದಿತ್ತು. ಬೌಂಡರಿ ಗೆರೆ ದಾಟುವ ಮೊದಲು ಅವಳು ನಿಂತಳು. ಕ್ಯಾಮೆರಾ ಕಡೆ ತಿರುಗಿದಳು. ಬಲಗೈ ಎತ್ತಿ ಬೀಸಿದಳು. ನಕ್ಕಳು ಕೂಡ.

"ಯಾರಿಗೆ ಕೈ ಮಾಡ್ತಿದ್ದಾಳೆ?" ಎಂದ ಡ್ಯಾರನ್.

ನಾನು ಊಟದ ಡಬ್ಬಿ ಮುಚ್ಚಿದೆ.

ನಾನು ಎಸ್ಸೆಸ್ಸೆಲ್ಸಿಗೆ ಶಾಲೆ ಬಿಟ್ಟವಳು, ಕ್ಲೈಡ್ ನಾರ್ತ್‌ನ ಮನೆಯಲ್ಲಿ ಶನಿವಾರ ಆರ್ಡರ್ ಮೇಲೆ ಜೋಳದ ರೊಟ್ಟಿ ಬಡಿಯುವವಳು ಎಂಬುದು ಈ ಅಂಕಣ ಓದುವ ನಿಮಗೆಲ್ಲ ಗೊತ್ತು. ಶನಿವಾರವೇ ಮ್ಯಾಚು. ಮ್ಯಾಚಿಗೆ ಮೊದಲು ರೇಣುವಿನ ಮೆಸೇಜ್ ಬರುತ್ತದೆ: "ಅಕ್ಕಾ, ಲೈವ್ ಹಚ್ಚೀ?" "ಹಚ್ಚೇನಿ" ಎನ್ನುತ್ತೇನೆ. ಸುಳ್ಳಲ್ಲ. ಹಚ್ಚುತ್ತಿದ್ದೆ. ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ಸೌಂಡ್ ಬಂದ್ ಮಾಡಿ ಇಡುತ್ತಿದ್ದೆ. ಫೋನಿನ ಮುಖ ನನ್ನ ಕಡೆ, ನನ್ನ ಮುಖ ಹಂಚಿನ ಕಡೆ. ಆಟ ಮುಗಿದ ಮೇಲೆ ಸ್ಕೋರ್ ನೋಡಿ ಫೋನ್ ಮಾಡುತ್ತಿದ್ದೆ. ಗೆದ್ದಿದ್ದರೆ "ಭಾಳ ಚಲೋ ಆಡಿದಿ." ಸೋತಿದ್ದರೆ "ಸೋತರೇನಾತು, ನೀ ಭಾಳ ಚಲೋ ಆಡಿದಿ." (ಸೀರೆ ಅಂಗಡಿಯವರು ಬಂದವರಿಗೆಲ್ಲ "ನಿಮಗ ಇದ ಒಪ್ಪತೈತ್ರಿ" ಅನ್ನುವುದಿಲ್ಲವೇ? ಹಾಗೆ.)

ಆ ಶನಿವಾರ ಟೀಮು ಗೆದ್ದಿತ್ತು. ನಾನು ಎಂದಿನಂತೆ ಫೋನ್ ಮಾಡಿದೆ.

"ರೇಣು, ಇವತ್ತ ಏನ್ ಓಡಿದೀ ನಮ್ಮವ್ವಾ! ನೋಡಿ ಕಣ್ಣಾಗ ನೀರ ಬಂತು."

"ಹೌದನಕ್ಕಾ?"

"ಮತ್ತ! ಆ ಕೊನೀ ಗೋಲ್ ನೀನ ಹೊಡದಿದ್ದಲ್ಲಾ?"

ಯಾಕೆ ಹಾಗಂದೆ? ಬರೀ ಅನ್ನದ ಮೇಲೆ ಒಂದು ಚಮಚ ತುಪ್ಪ ಇರಲಿ ಅಂತ. ಅಷ್ಟೇ.

"ಹ್ಞೂಂ" ಅಂದಳು. "ನಾನ ಹೊಡದೆ."

"ದನಿ ಯಾಕ ಸಣ್ಣ ಆಗೇತಿ?"

"ದಣದೇನಿ ಅಕ್ಕಾ. ಮಲಗತೀನಿ."

ನನಗೆ ತಿಳಿದದ್ದು ಆಮೇಲೆ: ಅವಳ ಭುಜದ ಕೀಲು ತಪ್ಪಿತ್ತು. ಮಾತಾಡಿದ್ದು ಆಸ್ಪತ್ರೆಯಿಂದ. ಬಿದ್ದ ತಕ್ಷಣ ಅವಳಿಗೆ ಬಂದ ಯೋಚನೆ, ಮೆಲ್ಬರ್ನ್‌ನಲ್ಲಿ ಅಕ್ಕ ನೋಡಿ ಗಾಬರಿಯಾದಾಳು ಎಂಬುದು. ಅದಕ್ಕೇ ಕೈ ಬೀಸಿದ್ದು. ಅಕ್ಕ ಆಗ ರೊಟ್ಟಿ ತಿರುವಿ ಹಾಕುತ್ತಿದ್ದಳು. ಸಂಜೆ ಅಕ್ಕ ಸುಳ್ಳು ಹೇಳಿದಾಗ, ಅಕ್ಕನ ಮಾನ ಹೋಗಬಾರದೆಂದು ತಂಗಿಯೂ ಒಂದು ಸುಳ್ಳು ಹೇಳಿದಳು.

ಸೋಮವಾರ ಸಂಜೆ ಫೋನ್ ಮಾಡಿ "ಹೆಂಗದಿ?" ಎಂದೆ. "ಎಲ್ಲಾ ಆರಾಮ ಐತಿ ಅಕ್ಕಾ" ಎಂದಳು. ಮಂಗಳವಾರವೂ ಆರಾಮ. ಬುಧವಾರವೂ ಆರಾಮ. ನನಗೆ ಭಯವಾಗಿದ್ದು ಆಗ. ಇವಳು ಇನ್ನು ಮುಂದೆ ನನಗೆ ಏನನ್ನೂ ಹೇಳುವುದಿಲ್ಲ. ಕೈ ಮುರಿದರೂ, ಕೆಲಸ ಸಿಗದಿದ್ದರೂ, ಯಾರಾದರೂ ಮನಸ್ಸು ಮುರಿದರೂ ನನ್ನ ಪಾಲಿಗೆ ಎಲ್ಲಾ ಆರಾಮ. ನೋಡದ ಅಕ್ಕನಿಗೆ ತೋರಿಸಿ ಏನು ಪ್ರಯೋಜನ?

ಸಿಡ್ನಿಗೆ ಟಿಕೆಟ್ ಬುಕ್ ಮಾಡಿದೆ. ರೇಣುಗೆ ಹೇಳಲಿಲ್ಲ. ಈ ಶನಿವಾರ ರೊಟ್ಟಿ ಇಲ್ಲ ಎಂದು ಗ್ರೂಪಿನಲ್ಲಿ ಹಾಕಿದೆ. "ಏನ್ರೀ ಹಿಂಗ ಮಾಡಿದ್ರಿ, ಬೀಗರು ಬರೋರಿದ್ರು!" ಎಂದು ಬೆಳಗಾವಿಯ ಡಾಕ್ಟರೊಬ್ಬರು ಅಳುವ ಮುಖ ಕಳಿಸಿದರು. ನಾನು ಕೈಮುಗಿಯುವ ಚಿತ್ರ ಕಳಿಸಿದೆ.

ಮೆಲ್ಬರ್ನ್‌ನಲ್ಲಿ ಈ ಆಟಕ್ಕೆ ಟ್ರೇನುಗಳು ತುಂಬುತ್ತವೆ. ಸಿಡ್ನಿಯಲ್ಲಿ, ಯೂನಿವರ್ಸಿಟಿಯ ಹಿಂದಿನ ಆ ಮೈದಾನದಲ್ಲಿ, ಒಂದು ಬೆಂಚೂ ತುಂಬಿರಲಿಲ್ಲ. ಆಚೆ ತುದಿಯಲ್ಲಿ ಸ್ಕೋರ್‌ಬೋರ್ಡು. ಅದರ ಪಕ್ಕ ರೇಣು. ಎಡಗೈಯನ್ನು ಜೋಳಿಗೆಯಂಥ ಪಟ್ಟಿಯಲ್ಲಿ ಕುತ್ತಿಗೆಗೆ ಕಟ್ಟಿಕೊಂಡು, ಬಲಗೈಯಲ್ಲಿ ಅಂಕಿಯ ಹಲಗೆಗಳನ್ನು ಬದಲಿಸುತ್ತಿದ್ದಳು. ನನ್ನನ್ನು ನೋಡಿರಲಿಲ್ಲ. ಅಷ್ಟು ದೂರದಿಂದ ಹೋದವಳಿಗೆ ಆ ಮೈದಾನ ದಾಟಲು ಧೈರ್ಯ ಸಾಲಲಿಲ್ಲ. "ಅಯ್ಯ, ಏನ್ ಥಂಡಿ" ಎನ್ನುತ್ತಾ ಬೆಂಚಿನ ತುದಿಯಲ್ಲಿ ಕೂತೆ.

"ಓಹೋ, ಕನ್ನಡದವರಾ! ಬನ್ನಿ ಬನ್ನಿ, ಈ ಕಡೆ ಬಿಸಿಲಿದೆ" ಎಂದರು ಉಣ್ಣೆ ಟೋಪಿಯ ಹಿರಿಯರೊಬ್ಬರು.

ಅವರು ಮೂರ್ತಿ ಅಂಕಲ್. ಮೈಸೂರಿನವರು, ರಿಟೈರ್ ಆದ ಎಂಜಿನಿಯರು, ಮೈದಾನದ ಎದುರು ಮಗಳ ಮನೆ. ಟೀಮಿನಲ್ಲಿ ಅವರ ಕಡೆಯವರು ಯಾರೂ ಇಲ್ಲ. ಒಂದು ದಿನ ಸೀಟಿ ಕೇಳಿಸಿತಂತೆ, ಬಂದರಂತೆ, ಆಮೇಲೆ ಬಿಡಲಾಗಲಿಲ್ಲವಂತೆ. ಅವರ ಪಕ್ಕ ಜೆಸ್ ಎಂಬ ಸ್ಟೂಡೆಂಟ್. ಅವಳ ರೂಮ್‌ಮೇಟ್ ಆಡುತ್ತಾಳೆ. ಇಬ್ಬರ ನಡುವೆ ಒಂದು ಫ್ಲಾಸ್ಕು, ಎರಡು ದಪ್ಪ ದಪ್ಪ ಕಾದಂಬರಿ. ಇಬ್ಬರಿಗೂ ಸೈನ್ಸ್ ಫಿಕ್ಷನ್ ಹುಚ್ಚು. ಆಟ ನಡೆಯುವಾಗ ಇವರ ಕೆಲಸ ಎರಡೇ: ಎಷ್ಟು ಜನ ಬಂದಿದ್ದಾರೆ ಎಂದು ಎಣಿಸುವುದು, ಪುಸ್ತಕಗಳ ಬಗ್ಗೆ ಜಗಳವಾಡುವುದು. ಮಾತೆಲ್ಲ ಇಂಗ್ಲಿಷಿನಲ್ಲಿ. ನನ್ನದು ವೇರ್‌ಹೌಸ್ ಇಂಗ್ಲಿಷ್. ಆದರೂ ಹಿಂದೆ ಬೀಳಲಿಲ್ಲ.

"ಏಳು, ಎಂಟು... ಆ ನಾಯಿ ಹಿಡಿದವನು ನೋಡೋಕೆ ಬಂದಿದ್ದಾನೋ, ಸುಮ್ಮನೆ ಹೋಗ್ತಿದ್ದಾನೋ?" ಎಂದರು ಅಂಕಲ್.

"ನಿಂತಿದ್ದಾನೆ. ಹಾಕಿ" ಎಂದಳು ಜೆಸ್.

"ಒಂಬತ್ತು. ಮೆಲ್ಬರ್ನ್‌ನಲ್ಲಿ ಒಬ್ಬರು. ಒಟ್ಟು ಹತ್ತು!"

ಪಕ್ಕದಲ್ಲೇ ಕೂತ ನನ್ನನ್ನು ಅವರು ಇನ್ನೂ ಎಣಿಸಿರಲಿಲ್ಲ.

ಜೆಸ್ ಫೋನ್ ನೋಡಿದಳು. "ಇಲ್ಲ. ಲೈವ್ ನೋಡುವವರು ಇವತ್ತು ಸೊನ್ನೆ. ಮೆಲ್ಬರ್ನ್ ಬಂದಿಲ್ಲ."

"ಪಾಪ, ಏನಾಯ್ತೋ" ಎಂದು ಅಂಕಲ್ ನನ್ನ ಕಡೆ ತಿರುಗಿ ಕನ್ನಡದಲ್ಲಿ ವಿವರಿಸಿದರು. "ನಮ್ಮ ರೇಣು ಅಂತ ಇದ್ದಾಳೆ ನೋಡಿ, ಅಲ್ಲಿ ಸ್ಕೋರ್‌ಬೋರ್ಡ್ ಹತ್ರ. ಅವಳ ಅಕ್ಕ. ಒಂದು ವಾರ ತಪ್ಪಿಸಿದವರಲ್ಲ. ಅಂಥವರು ಈಗೆಲ್ಲಿ ಸಿಗ್ತಾರೆ ಹೇಳಿ?"

"ಆ ಮೆಲ್ಬರ್ನ್‌ನವರನ್ನ ಎಣಿಸೋದನ್ನ ನಾನು ಒಪ್ಪಿಲ್ಲ" ಎಂದಳು ಜೆಸ್. "ಪ್ರತಿ ವಾರ ಚಾಟ್‌ನಲ್ಲಿ 'ಹಲೋ ಮೆಲ್ಬರ್ನ್' ಅಂತ ಹಾಕ್ತೀನಿ. ಒಂದು ಸಲವೂ ಉತ್ತರ ಇಲ್ಲ. ನನ್ನ ಪುಸ್ತಕದ ಹೆಂಗಸಿನ ಹಾಗೆ."

ಅವಳ ಮೆಚ್ಚಿನ ಕಾದಂಬರಿಯಲ್ಲಿ ಒಬ್ಬ ಹೆಂಗಸಿಗೆ ಯಾವುದಕ್ಕೂ ಸಮಯವಿಲ್ಲವಂತೆ. ತನ್ನ ಹಾಗೇ ಕಾಣುವ ಒಂದು ಯಂತ್ರ ಮಾಡಿಸಿ, ಮದುವೆಗೆ, ಬರ್ತ್‌ಡೇಗೆ, ಮಕ್ಕಳ ಆಟಕ್ಕೆ ಅದನ್ನೇ ಕಳಿಸುತ್ತಾಳಂತೆ. ಯಂತ್ರ ಸರಿಯಾದ ಜಾಗದಲ್ಲಿ ಚಪ್ಪಾಳೆ ತಟ್ಟುತ್ತದೆ, ಸರಿಯಾದ ಜಾಗದಲ್ಲಿ ಹೊಗಳುತ್ತದೆ. (ಇದನ್ನು ಬರೆದವರು ನಮ್ಮ ಅಡುಗೆಮನೆಗೆ ಬಂದುಹೋಗಿದ್ದರೇ? ಆ ಯಂತ್ರಕ್ಕೆ "ಭಾಳ ಚಲೋ ಆಡಿದಿ" ಅನ್ನಲು ಬರುತ್ತಿತ್ತೇ?)

"ಕೊನೆಗೆ ಏನಾಗ್ತದೆ?" ಎಂದು ಕೇಳಿಬಿಟ್ಟೆ.

"ಒಂದು ದಿನ ಆ ಹೆಂಗಸು ತಾನೇ ಹೋಗ್ತಾಳೆ. ಮಕ್ಕಳು, ನೀನು ಯಾರು ಅಂತಾರೆ."

"ಅಯ್ಯೋ, ಇದೆಲ್ಲ ಅಳಿಸೋ ಪುಸ್ತಕ!" ಎಂದರು ಅಂಕಲ್. "ನಂದು ನೋಡಿ. ಒಂದು ಹಡಗು ಆಕಾಶದಲ್ಲಿ ಹೋಗ್ತಾ ಇರುತ್ತೆ. ಹೊರಟಿದ್ದನ್ನ ಕಂಡವರು ಈಗ ಯಾರೂ ಇಲ್ಲ. ತಲುಪೋದನ್ನ ಇವರಾರೂ ಕಾಣೋದಿಲ್ಲ. ಆದರೂ ಮಧ್ಯದಲ್ಲಿರೋರು ದಿನಾ ಎದ್ದು ಹಾಜರಿ ಹಾಕ್ತಾರೆ. ಅಷ್ಟೇ ಕಥೆ."

"ಎಂಟುನೂರು ಪುಟ, ಏನೂ ಆಗಲ್ಲ" ಎಂದಳು ಜೆಸ್.

"ನಮ್ಮ ಟೀಮಿನಲ್ಲಿ ಏನಾಗುತ್ತಮ್ಮ? ನೀನು ಬರೋದು ಬಿಟ್ಟಿದ್ದೀಯಾ?"

ಜೆಸ್ ನಕ್ಕಳು. ಆದರೆ ತನ್ನ ಪಟ್ಟು ಬಿಡಲಿಲ್ಲ. "ನನ್ನ ರೂಲ್ ಒಂದೇ. ಬಾಲ್ ಬಂದು ಬಡಿಯಬಹುದಾದಷ್ಟು ಹತ್ತಿರ ಇರೋರು ಮಾತ್ರ ಲೆಕ್ಕ. ಉಳಿದವರು ಲೆಕ್ಕಕ್ಕಿಲ್ಲ."

ಅಂಕಲ್ ನನ್ನನ್ನು ಪಂಚಾಯಿತಿಗೆ ಎಳೆದರು. "ನೀವೇ ಹೇಳಿ. ಆ ಮೆಲ್ಬರ್ನ್ ಅಕ್ಕನ್ನ ಎಣಿಸಬೇಕೋ ಬೇಡವೋ?"

"ಬೇಡ ಅಂಕಲ್" ಎಂದೆ, ಕನ್ನಡದಲ್ಲೇ. "ಆ ಅಕ್ಕ ನಾನೇ. ಫೋನ್ ಹಚ್ಚಿಟ್ಟು ರೊಟ್ಟಿ ಬಡಿತಿದ್ದೆ. ಒಂದು ಮ್ಯಾಚೂ ನೋಡಿಲ್ಲ. ನನ್ನನ್ನು ತೆಗೆದುಬಿಡಿ."

ಅಂಕಲ್ ಟೋಪಿ ಸರಿಮಾಡಿಕೊಂಡರು. ಜೆಸ್‌ಗೆ ಕನ್ನಡ ಬಾರದು, ನಮ್ಮಿಬ್ಬರ ಮುಖ ನೋಡಿದಳು. ಅಂಕಲ್ ಫ್ಲಾಸ್ಕಿನಿಂದ ಟೀ ಬಗ್ಗಿಸಿ ನನ್ನ ಕೈಗಿಟ್ಟರು. ಆಮೇಲೆ ಜೆಸ್‌ಗೆ ನಾನು ಯಾರೆಂದು ಇಂಗ್ಲಿಷಿನಲ್ಲಿ ಹೇಳಿದರು.

ಅರ್ಧ ಆಟ ಮುಗಿದಾಗ ರೇಣು ಬೆಂಚಿನ ಕಡೆ ಬಂದಳು. ನನ್ನನ್ನು ಕಂಡು ನಿಂತಳು.

"ಅಕ್ಕಾ? ನೀ ಯಾವಾಗ ಬಂದಿ? ಇವತ್ತ ಶನಿವಾರ ಐತಲ್ಲ, ರೊಟ್ಟಿ?"

"ಇವತ್ತ ರೊಟ್ಟಿ ಇಲ್ಲ" ಎಂದೆ. ವಿಮಾನದಲ್ಲಿ ಕಟ್ಟಿಕೊಂಡ ಮಾತುಗಳೆಲ್ಲ ಎಲ್ಲಿ ಹೋದವೋ. "ರೇಣು, ನೀ ಕೈ ಮಾಡಿದ್ದ ನಾ ಅವತ್ತ ನೋಡಲಿಲ್ಲ. ಸೋಮವಾರ ನೋಡಿದೆ. ಯಾವ ಮ್ಯಾಚೂ ನೋಡಿಲ್ಲ."

"ಗೊತ್ತೈತಿ."

"ಯಾವಾಗಿಂದ?"

"ಮಳ್ಯಾಗ ಮ್ಯಾಚ್ ಕ್ಯಾನ್ಸಲ್ ಆದ ದಿನಾನೂ ಚಲೋ ಆಡಿದಿ ಅಂದಿದ್ದಿಯಲ್ಲ!" ಅವಳು ನಕ್ಕಳು. ನನಗೆ ನಗು ಬರಲಿಲ್ಲ. "ಇರಲಿ ಬಿಡ ಅಕ್ಕಾ. ಲೈವ್‌ನ್ಯಾಗ ಒಂದು ಅಂತ ತೋರಸತಿತ್ತಲ್ಲ, ಅದನ್ನ ನೋಡಿನ ಮೈದಾನಕ್ಕ ಇಳೀತಿದ್ದೆ. ಅಷ್ಟ ಸಾಕಾಗತಿತ್ತು. ಅವತ್ತೊಂದಿನ ನೀ ನೋಡಾಕತ್ತಿದ್ರ ಅಂತ ಕೈ ಮಾಡಿದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಬಿದ್ದೇನಿ ಅಂತ ಹೇಳಬೇಕಿಲ್ಲೇನ?"

"ನೀ ಅಷ್ಟ ಖುಷಿಲೆ ಮಾತಾಡಾಕತ್ತಿದ್ದಿ. ಹೆಂಗ ಹೇಳ್ಲಿ?"

"ಈಗ ಹೇಳು. ನೋವೈತೇನು?"

ಅವಳು ಬೂಟಿನ ತುದಿಯಿಂದ ಹುಲ್ಲು ಕೆದರಿದಳು. ಮತ್ತೆ "ಆರಾಮ" ಅಂದರೆ ನಾನು ಬಂದದ್ದು ದಂಡ.

"ಐತಿ" ಎಂದಳು. "ಮಲಗಿದಾಗ ಭಾಳ ಆಕ್ಕೈತಿ ಅಕ್ಕಾ. ಜಡಿ ಹಾಕ್ಕೊಳಾಕೂ ಬರವಲ್ತು."

ಬೆಂಚಿನ ಮುಂದೆ ಹುಲ್ಲಿನ ಮೇಲೆ ಕೂರಿಸಿಕೊಂಡು ಅವಳ ಜಡೆ ಹಾಕಿದೆ. ಸಿಕ್ಕು ಬಿಡಿಸುವಾಗ "ಸಾವಕಾಶ!" ಎಂದು ಬೈದಳು. ಅಬ್ಬಾ, ಬೈದಳಲ್ಲ.

ಕಡೆಯ ಕ್ವಾರ್ಟರಿನಲ್ಲಿ ನಾನು ನಿಜವಾಗಿಯೂ ಆಟ ನೋಡುತ್ತಿದ್ದೆ. ಅರ್ಥವಾಗಲಿಲ್ಲ, ಆದರೂ ನೋಡಿದೆ. ಕೆಂಪು ಕೂದಲಿನ ಹುಡುಗಿ ಓಡುತ್ತಾ ಒದ್ದಳು. ಆ ಬಾಲ್ ನೇರ ಹೋಗುವ ಜಾತಿಯದಲ್ಲ. ಗಾಳಿಯಲ್ಲಿ ಸೊಟ್ಟಗೆ ತಿರುಗಿ, ಗೆರೆ ದಾಟಿ, ಒಂದು ಸಲ ಪುಟಿದು, ಧಪ್ಪೆಂದು ನನ್ನ ಮೊಣಕಾಲಿಗೇ ಬಡಿಯಿತು. ಕೈಯಲ್ಲಿದ್ದ ಎರಡನೇ ಕಪ್ ಟೀ ಎಲ್ಲ ಸೆರಗಿನ ಮೇಲೆ.

"ಹತ್ತು!" ಎಂದು ಕೂಗಿದವರು ಅಂಕಲ್ ಅಲ್ಲ, ಜೆಸ್. ಸ್ಕೋರ್‌ಬೋರ್ಡಿನ ಹತ್ತಿರ ರೇಣು ಹೊಟ್ಟೆ ಹಿಡಿದುಕೊಂಡು, ಒಂದೇ ಕೈಯಲ್ಲಿ, ನಗುತ್ತಿದ್ದಳು.

ಮೊಣಕಾಲು ಇನ್ನೂ ನೀಲಿಯಾಗಿದೆ. ಹಂಚಿನ ಮುಂದೆ ನಿಂತಾಗ ನೋಯುತ್ತದೆ, ನೋಯಲಿ. ನಿಮ್ಮವರು ಆಡುವ ಮೈದಾನದಲ್ಲಿ ನಿಮಗೆ ಕಡೆಯ ಸಲ ಬಾಲ್ ಬಡಿದದ್ದು ಯಾವಾಗ?