ನೀರಿನೊಳಗೆ ಬಿರಿದ ಕೆಸರು

ಕಳೆದ ವಾರ ಕಲ್ಯಾಣಪುರದ ಹಂಚಿನ ಕಾರ್ಖಾನೆಯೊಂದರ ಎದುರು ಬಸ್ಸಿಗೆ ಕಾಯುತ್ತಿದ್ದೆ. ಒಳಗೆ ರಾಶಿ ಹಾಕಿದ್ದ ಜೇಡಿಮಣ್ಣಿನ ಹಸಿ ವಾಸನೆ ಗಾಳಿಯಲ್ಲಿ ತೇಲಿ ಬಂತು. ಬಸ್ಸು ಬಂದದ್ದೂ ಹೋದದ್ದೂ ತಿಳಿಯಲಿಲ್ಲ... ಕಾಪುವಿನ ನಮ್ಮ ಪಕ್ಕದ ಮನೆಯ ಟೀಚರ್ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕೈವರೆಗೆ ಕೆಸರು ಮೆತ್ತಿಕೊಂಡು ನೆನಪಿನಿಂದೆದ್ದು ಕಣ್ಣೆದುರು ನಿಂತುಬಿಟ್ಟಿದ್ದರು.

ಅವರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ನಾನು ಆಗ ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಸೆಮಿನಾರಿನಲ್ಲಿ ಒಂದು ಪ್ರಶ್ನೆಗೆ ಸಿಕ್ಕಿಬಿದ್ದು ಊರಿಗೆ ಬಂದಿದ್ದೆ. ಸಮುದ್ರದಡಿಯ ಜೇಡಿಶಿಲೆ, ಅಂದರೆ ಶೇಲ್, ಸೀಳಿ ಸೀಳಿ ಜೇನುಗೂಡಿನಂತೆ ತುಂಡುತುಂಡಾಗಿರುತ್ತದೆ. ಅದು ಹೇಗೆ ಎಂಬುದೇ ನನ್ನ ವಿಷಯ. "ನೀರಿನಡಿಯಲ್ಲಿ, ಒಣಗದೆ ಕೆಸರು ಬಿರಿಯುವುದನ್ನು ಯಾರು ನೋಡಿದ್ದಾರೆ?" ಎಂದು ಕೇಳಿ ಪ್ರೊಫೆಸರರು ನನ್ನನ್ನು ಕೂರಿಸಿದ್ದರು. ಪಾಸಾಗಲು ಇನ್ನೊಂದೇ ಅವಕಾಶ ಕೊಟ್ಟಿದ್ದರು.

ಜಗಲಿಯಲ್ಲಿ ಕುಳಿತು ಅಳುತ್ತಿದ್ದವಳ ಮಾತನ್ನೆಲ್ಲ ಟೀಚರ್ ಕೇಳಿಸಿಕೊಂಡರು. ಸಮಾಧಾನ ಮಾಡಲಿಲ್ಲ. ಅವರ ಕಣ್ಣು ಹೊಳೆಯತೊಡಗಿತ್ತು.

"ಯಾರೂ ನೋಡದಿದ್ದರೆ ನಾವೇ ನೋಡುವ. ಎಂತ ಕಷ್ಟ ಉಂಟು?"

ಮರುದಿನವೇ ಕಲ್ಯಾಣಪುರಕ್ಕೆ ಹೋಗಿ ಚೀಲದ ತುಂಬ ಜೇಡಿಮಣ್ಣು ತಂದೆವು. ಅದನ್ನು ಹಳೆಯ ಪಂಚೆಯಲ್ಲಿ ಸೋಸಿ, ಟೀಚರ ಅಡುಗೆಮನೆಯಲ್ಲಿ, ಅವರು ಮೀನು ಸಾಕಲು ತಂದಿದ್ದ ಗಾಜಿನ ತೊಟ್ಟಿಯಲ್ಲಿ ಬಾವಿ ನೀರಿನೊಂದಿಗೆ ಕಲಸಿ ಬಿಟ್ಟೆವು. ಮಣ್ಣು ನಯವಾಗಿ ತಳಕ್ಕೆ ಇಳಿಯಿತು. ಒಂದು ವಾರ ಕಳೆದರೂ ಏನೂ ಆಗಲಿಲ್ಲ. ನಾನು ಆಸೆ ಬಿಟ್ಟಿದ್ದೆ. ಟೀಚರ್ ಒಂದು ಬೆಳಿಗ್ಗೆ ಕಾಂಪೌಂಡಿನಾಚೆಯಿಂದ ಕೂಗಿದರು.

"ನಾವು ಎಂಥ ದಡ್ಡರು ಮಾರಾಯ್ತಿ! ಸಮುದ್ರದಲ್ಲಿ ಉಪ್ಪುಂಟಲ್ಲ!"

ಕೊಡಪಾನದಲ್ಲಿ ಕಡಲ ನೀರು ತಂದು, ಕೆಸರು ಕದಡದಂತೆ ಸೌಟಿನಿಂದ ಮೆಲ್ಲ ಮೆಲ್ಲ ಸುರಿದೆವು. ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ, ನೀರಿನಡಿಯ ಆ ನಯವಾದ ಮಣ್ಣಿನಲ್ಲಿ ಕೂದಲೆಳೆಯಂಥ ಗೆರೆಯೊಂದು ಕಂಡಿತು. ಅದರ ಪಕ್ಕ ಇನ್ನೊಂದು. ಸಂಜೆಯ ಹೊತ್ತಿಗೆ ಗೆರೆಗಳು ಕೂಡಿಕೊಂಡು ಆಮೆಯ ಬೆನ್ನಿನಂತಾಗಿದ್ದವು. ಟೀಚರ್ ನನ್ನ ಎರಡೂ ಕೈ ಹಿಡಿದು ಅಡುಗೆಮನೆಯಲ್ಲಿ ಗಿರಕಿ ಹೊಡೆಸಿದರು. ಗಲಾಟೆ ಕೇಳಿ ನನ್ನ ಅಪ್ಪ ಓಡಿ ಬಂದರು. ಅವರು ಬೋಟಿನಲ್ಲಿ ಮೀನು ಹಿಡಿಯುವವರು.

"ಎಂತ ಆಯಿತು ಟೀಚರೇ?"

ಟೀಚರ್ ಅಪ್ಪನನ್ನೇ ವಿದ್ಯಾರ್ಥಿ ಮಾಡಿಕೊಂಡರು. "ನೋಡಿ, ನೀವು ಬಲೆ ಬೀಸುವಲ್ಲಿ ತಳದಲ್ಲಿ ಕೂತ ಕೆಸರಿನಲ್ಲಿ ಮಣ್ಣಿಗಿಂತ ನೀರೇ ಹೆಚ್ಚು. ಇಲ್ಲಿ ತೊಟ್ಟಿಯಲ್ಲಿ ಮಣ್ಣಿನಿಂದ ನೀರನ್ನು ಬಿಡಿಸಿದ್ದು ಉಪ್ಪು. ಅಲ್ಲಿ ಲಕ್ಷಗಟ್ಟಲೆ ವರ್ಷ ಮೇಲಿಂದ ಕೆಸರು ಬೀಳುತ್ತದೆ, ಭಾರಕ್ಕೆ ನೀರು ಹೊರಗೆ ಹೋಗುತ್ತದೆ, ಕೆಸರು ಕುಗ್ಗುತ್ತದೆ. ಕುಗ್ಗುವಾಗ ಯಾವ ಒಂದು ಬದಿಯೂ ಇನ್ನೊಂದಕ್ಕಿಂತ ಹೆಚ್ಚು ಎಳೆಯುವುದಿಲ್ಲ. ಹಾಗಾಗಿ ಎಲ್ಲ ದಿಕ್ಕಿಗೂ ಸೀಳುತ್ತದೆ, ಒಂದು ತುಂಡು ಇನ್ನೊಂದರ ಪಕ್ಕ ಸ್ವಲ್ಪ ಕೆಳಗೆ ಜಾರುತ್ತದೆ. ಬಿಸಿಲೂ ಬೇಡ, ಭೂಕಂಪವೂ ಬೇಡ!"

ಅಪ್ಪ ತೊಟ್ಟಿಯ ಗಾಜಿಗೆ ಮುಖ ಹಚ್ಚಿ ನೋಡಿದರು. "ಇಷ್ಟು ವರ್ಷ ಅದರ ಮೇಲೆಯೇ ಓಡಾಡಿದ್ದೇನಲ್ಲ" ಎಂದರು.

ಸೆಮಿನಾರಿಗೆ ಟೀಚರೂ ಬಂದರು, ಕೊನೆಯ ಸಾಲಿನಲ್ಲಿ ಕುಳಿತರು. ಪ್ರೊಫೆಸರರು ಅದೇ ಪ್ರಶ್ನೆ ಕೇಳಿದರು. "ನಾನು ನೋಡಿದ್ದೇನೆ ಸರ್, ನಮ್ಮ ಟೀಚರ ಅಡುಗೆಮನೆಯಲ್ಲಿ" ಎಂದೆ. ಎಲ್ಲರೂ ನಕ್ಕರು. ತೊಟ್ಟಿಯಲ್ಲಿ ಬಿರಿದ ಕೆಸರಿನ ಫೋಟೋಗಳನ್ನು ತೋರಿಸಿದಾಗ ನಗು ನಿಂತಿತು. ಆಮೇಲೆ ಹಿಂದಿನಿಂದ ಒಂದು ಕೈ ಮೇಲೆದ್ದಿತು.

"ನನಗೊಂದು ಸಂಶಯ ಉಂಟು. ಕೆಸರಿನಿಂದ ಹೊರಟ ನೀರು ಆ ಸೀಳುಗಳಲ್ಲೇ ಮೇಲೆ ಬರುತ್ತದಾ, ಅಲ್ಲ ಸೀಳುಗಳು ಮುಚ್ಚಿಕೊಳ್ಳುತ್ತವಾ?"

ಪ್ರೊಫೆಸರರು ಕನ್ನಡಕ ತೆಗೆದು ನಕ್ಕರು. "ಅಮ್ಮಾ, ಅದನ್ನೇ ನಾವೂ ಹುಡುಕುತ್ತಿದ್ದೇವೆ."

ಮರಳುವಾಗ ಬಸ್ಸಿನಲ್ಲಿ ಟೀಚರ್ ದಾರಿಯುದ್ದಕ್ಕೂ ನನ್ನ ತೊಡೆ ತಟ್ಟುತ್ತಿದ್ದರು. "ಅವರಿಗೂ ಗೊತ್ತಿಲ್ಲ ಮಾರಾಯ್ತಿ, ಅವರಿಗೂ ಗೊತ್ತಿಲ್ಲ!" ನಾನು ಪಾಸಾದದ್ದು ಅವರಿಗೆ ನೆನಪೇ ಇರಲಿಲ್ಲ.

ಟೀಚರ್ ತೀರಿಕೊಂಡು ಎರಡು ವರ್ಷವಾಯಿತು. ನಾನು ಈಗ ಸಂಶೋಧನೆ ಮಾಡುತ್ತಿರುವುದು ಅವರ ಆ ಸಂಶಯದ ಮೇಲೆಯೇ. ಸಮುದ್ರತಳದ ಒಂದು ಕಡೆಯ ಸೀಳಿನಲ್ಲಿ ನೀರು ಹರಿದ ಗುರುತು ಸಿಕ್ಕಿತು. ಇನ್ನೊಂದು ಕಡೆ ಸಿಗಲಿಲ್ಲ... ಇದನ್ನು ಟೀಚರಿಗೆ ಹೇಳಿದ್ದರೆ ಅವರು ಪೂರ್ತಿ ಉತ್ತರ ಸಿಗಲಿ ಎಂದು ಕಾಯುತ್ತಿರಲಿಲ್ಲ, ಆ ಕ್ಷಣವೇ ಮುಂದಿನ ಪ್ರಶ್ನೆ ಕೇಳುತ್ತಿದ್ದರು. ಅದು ಏನಿರಬಹುದು ಎಂದು ಈಗ ನಾನೊಬ್ಬಳೇ ಯೋಚಿಸಬೇಕು.